ಏಳದ ಬಾವುಟ

ಚೆಂಡು ಒಳಗೆ ಹೋಗಿತ್ತು. ನಾನು ನೋಡಿದ್ದೆ. ನೋಡಿಯೂ ಬಾವುಟ ಎತ್ತಲಿಲ್ಲ.

ವಿಷಯ ಇಷ್ಟೇ. ಒಂದು ಸಾಲಿನಲ್ಲಿ ಮುಗಿಯುವ ಟಿಪ್ಪಣಿಗೆ ಮೂರು ಪುಟದ ಹಿನ್ನೆಲೆ ಜೋಡಿಸುವುದು ಸರಕಾರಿ ಕಚೇರಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರ ಕೆಟ್ಟ ಚಾಳಿ, ಗೊತ್ತು. ಆದರೆ ಈ ಸಲ ಹಿನ್ನೆಲೆ ಬೇಕು. ಯಾಕೆಂದರೆ ಆ ಬಾವುಟ ಎತ್ತದೆ ಇದ್ದದ್ದಕ್ಕೇ ನನ್ನನ್ನು ಜನ ಪ್ರಾಮಾಣಿಕ ಮನುಷ್ಯ ಎನ್ನುತ್ತಾರೆ. ಬರುವ ರವಿವಾರ ಅದೇ ಕಾರಣಕ್ಕೆ ನನಗೆ ಶಾಲು ಹೊದಿಸಿ, ತಲೆಗೆ ಪೇಟಾ ಸುತ್ತಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಯುವುದೆಂದು ನಿಶ್ಚಯವಾಗಿದೆ. ಕಳ್ಳನಿಗೆ ಇಷ್ಟು ಮರ್ಯಾದೆ ಮಾಡುವುದು ನಮ್ಮಲ್ಲಿ ಹೊಸದಲ್ಲ. ಆದರೆ ಸಾಮಾನ್ಯವಾಗಿ ಆ ಕಳ್ಳನಿಗೆ ಸಿಟ್ಟು ಬರುವುದಿಲ್ಲ. ನನಗೆ ಬಂದಿದೆ.

ನನ್ನನ್ನು ಧಾರವಾಡದ ಲಕಮನಹಳ್ಳಿ ಮೈದಾನದಲ್ಲಿ ಡೇವಿಡ್ ಕಾಕಾ ಎನ್ನುತ್ತಾರೆ. ನಿವೃತ್ತನಾದ ಮೇಲೆ ಸಂಜೆ ಹೊತ್ತು ಏನು ಮಾಡಬೇಕೆಂದು ತಿಳಿಯದೆ, ಮನೆಯ ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದೆ. ಕೆಳಗೆ ಕೈಗಾರಿಕೆಯ ಶೆಡ್ಡುಗಳ ಹಿಂದಿನ ಕೆಂಪು ಬಯಲಿನಲ್ಲಿ ಕೆಲವು ಹುಡುಗರು ಸುಲಿಯದ ತೆಂಗಿನಕಾಯಿಯ ಆಕಾರದ ಚೆಂಡೊಂದನ್ನು ಎದೆಗವಚಿಕೊಂಡು ಓಡುವುದು, ಉಳಿದವರು ಅವನ ಮೇಲೆ ಬೀಳುವುದು. ಮೊದಲು ಜಗಳ ಎಂದುಕೊಂಡೆ. ಬಿಡಿಸಲು ಇಳಿದು ಹೋದೆ. ಅದು ರಗ್ಬಿ ಎಂದು ಹೇಳಿದರು. ಅಂದಿನಿಂದ ನಾನು ಆ ಕ್ಲಬ್ಬಿನ ಅಭಿಮಾನಿ. ಅವಳಿ ನಗರದಲ್ಲಿ ರಗ್ಬಿಯ ಅಭಿಮಾನಿಗಳನ್ನೆಲ್ಲ ಒಂದೇ ಆಟೋದಲ್ಲಿ ಕೂರಿಸಬಹುದು, ಡ್ರೈವರನ ಪಕ್ಕದ ಜಾಗ ಖಾಲಿ ಉಳಿಯುತ್ತದೆ.

ನಮ್ಮದು ಕೆಳಗಿನ ದರ್ಜೆಯ ತಂಡ. ಅದರ ಕೆಳಗೆ ಇನ್ನೊಂದು ದರ್ಜೆ ಇರಲಿಲ್ಲವಾದ್ದರಿಂದ ನಾವು ಇನ್ನೂ ಕೆಳಗೆ ಬಿದ್ದಿರಲಿಲ್ಲ. ನಾನು ಎಂದೂ ಆಡಿದವನಲ್ಲ. ಆದರೆ ನಿಯಮಗಳ ಪುಸ್ತಕ ತರಿಸಿ, ಹಳೆಯ ಅಭ್ಯಾಸದಂತೆ ಅಂಚಿನಲ್ಲಿ ಗೆರೆ ಎಳೆದು ಓದಿದೆ. ಆಟಗಾರರಿಗೆ ಗೊತ್ತಿಲ್ಲದ ನಿಯಮಗಳು ನನಗೆ ಗೊತ್ತಾದವು. ಇದರಿಂದ ನನಗಾದ ಅಹಂಕಾರ — ಅದನ್ನು ಆಮೇಲೆ ಹೇಳುತ್ತೇನೆ. ಇಲ್ಲ, ಈಗಲೇ ಹೇಳಬೇಕು. ಆಮೇಲೆ ನಡೆದದ್ದಕ್ಕೆಲ್ಲ ಬೇರು ಅದೇ.

ಕ್ಲಬ್ಬಿನಲ್ಲಿ ನನಗೆ ಎರಡು ಕೆಲಸ. ಒಂದು, ಅರ್ಧ ಆಟದ ಬಿಡುವಿನಲ್ಲಿ ಆಟಗಾರರಿಗೆ ಮೋಸಂಬಿ ಹೆಚ್ಚಿ ಉಪ್ಪು ಹಚ್ಚಿ ಕೊಡುವುದು. ಇನ್ನೊಂದು, ಬಾವುಟ. ಮೇಲಿನ ದರ್ಜೆಯಲ್ಲಿ ಗೆರೆಯ ಮೇಲೆ ಬಾವುಟ ಹಿಡಿಯುವವರು ಹೊರಗಿನಿಂದ ಬರುತ್ತಾರೆ. ನಮ್ಮ ದರ್ಜೆಗೆ ಒಬ್ಬ ರೆಫರಿ ಬಂದರೆ ದೊಡ್ಡದು. ಹಾಗಾಗಿ ಪ್ರತಿ ಕ್ಲಬ್ಬು ತನ್ನವನೊಬ್ಬನನ್ನು ಬಾವುಟ ಕೊಟ್ಟು ನಿಲ್ಲಿಸಬೇಕು. ಯಾರಾದರೂ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸಿದ ಮೇಲೆ, ಅದೇ ತಂಡದವನೊಬ್ಬ ಚೆಂಡನ್ನು ಎರಡು ಕಂಬಗಳ ನಡುವಿನಿಂದ, ಅಡ್ಡಪಟ್ಟಿಯ ಮೇಲಿನಿಂದ ಒದೆಯುತ್ತಾನೆ. ಹೋದರೆ ಇನ್ನೆರಡು ಅಂಕ. ಆಗ ಬಾವುಟದವರಿಬ್ಬರೂ ಕಂಬಗಳ ಹಿಂದೆ, ಕಂಬಕ್ಕೊಬ್ಬರಂತೆ ನಿಲ್ಲುತ್ತಾರೆ. ಒಳಗೆ ಹೋದರೆ ಬಾವುಟ ಎತ್ತಬೇಕು. ಹೊರಗೆ ಹೋದರೆ ಸುಮ್ಮನೆ ನಿಲ್ಲಬೇಕು.

ನಮ್ಮ ಕಂಬಗಳು ಗಿಡ್ಡ. ಶೆಡ್ಡಿನವರು ಉಳಿಕೆ ಪೈಪಿನಲ್ಲಿ ಮಾಡಿಕೊಟ್ಟದ್ದು. ಪೈಪು ಎಲ್ಲಿಗೆ ಮುಗಿಯಿತೋ ಕಂಬವೂ ಅಲ್ಲಿಗೆ ಮುಗಿಯಿತು. ಚೆಂಡು ಕಂಬದ ತುದಿಗಿಂತ ಮೇಲೆ ಹಾರಿದರೆ, ಆ ಕಂಬ ಆಕಾಶದತನಕ ಬೆಳೆದಿದೆ ಎಂದು ಭಾವಿಸಿ, ಅದರ ಒಳಗೋ ಹೊರಗೋ ಎಂದು ಹೇಳಬೇಕು. ಅದನ್ನು ಹೇಳಬಲ್ಲವನು ಒಬ್ಬನೇ — ಆ ಕಂಬದ ಬುಡದಲ್ಲಿ ನಿಂತು ನೆಟ್ಟಗೆ ಮೇಲೆ ನೋಡುವವನು. ರೆಫರಿಗೆ ಕಾಣುವುದಿಲ್ಲ. ಒದ್ದವನಿಗೂ ಅಷ್ಟು ಖಚಿತವಾಗಿ ಕಾಣುವುದಿಲ್ಲ. ಈ ಅಧಿಕಾರವನ್ನು ನನಗೆ ಕೊಟ್ಟವರು ಯಾರೂ ಅಲ್ಲ, ಪೈಪಿನ ಕೊರತೆ.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ಹಂಗಾಮಿನ ಕೊನೆಯ ಪಂದ್ಯ. ಬೆಳಗಾವಿ ಕಡೆಯಿಂದ ತಂಡ ಬಂದಿತ್ತು. ಗೆದ್ದರೆ ನಾವು ಮೇಲಿನ ದರ್ಜೆಗೆ ಹೋಗುತ್ತಿದ್ದೆವು. ನಮ್ಮಲ್ಲಿ ಒದೆಯುವವನು ಮಹಾಂತೇಶ. ಹೆಬ್ಬಳ್ಳಿಯ ಶಾಲೆಯಲ್ಲಿ ಮಾಸ್ತರ. ಆಗ ಮೂವತ್ತರ ಆಸುಪಾಸು. ಅವನ ಬಲಗಾಲಿನ ಬಗ್ಗೆ ನಮಗೆಲ್ಲ ಇದ್ದ ಭಕ್ತಿಯನ್ನು ನಾನು ಚರ್ಚಿನಲ್ಲಿಯೂ ತೋರಿಸಿದವನಲ್ಲ.

ಬಿಡುವಿನಲ್ಲಿ ನಾನು ಮೋಸಂಬಿ ಹೆಚ್ಚುತ್ತ ಉಪದೇಶಕ್ಕೆ ತೊಡಗಿದೆ. ಎದುರಾಳಿಗಳು ತಪ್ಪು ಮಾಡಿದಾಗೆಲ್ಲ ಗೋಲಿಗೆ ಒದೆಯಬೇಕು, ಓಡಬಾರದು. ಪುಸ್ತಕದ ಪ್ರಕಾರ ಹೀಗೆ, ಅದರ ಪ್ರಕಾರ ಹಾಗೆ. ಮಹಾಂತೇಶ ಬೆವರಿನಲ್ಲಿ ತೊಯ್ದು ನೆಲಕ್ಕೆ ಕೂತಿದ್ದ. ತುಟಿ ಒಡೆದು ರಕ್ತ ಬರುತ್ತಿತ್ತು. ನನ್ನ ಪ್ರವಚನ ಕೇಳುತ್ತ ಕೇಳುತ್ತ ತಲೆ ಎತ್ತಿ ಅಂದ:

"ಡೇವಿಡ್ ಕಾಕಾ, ನೀವು ಒಮ್ಮೆರ ಆಡೀರೇನ್ರಿ? ಮೋಸಂಬಿ ಛಲೋ ಹೆಚ್ಚತೀರಿ. ಅಷ್ಟ ನೋಡ್ಕೋರ್ರಿ."

ಎಲ್ಲರೂ ನಕ್ಕರು. ಆಚೆ ನೀರು ಕುಡಿಯುತ್ತಿದ್ದ ಬೆಳಗಾವಿಯವರಿಗೂ ಕೇಳಿಸಿತು, ಅವರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಇನ್ನೊಂದು ಮೋಸಂಬಿ ಹೆಚ್ಚಿದೆ. ಬಹಳ ನೀಟಾಗಿ ಹೆಚ್ಚಿದೆ, ಎಂಟು ಸಮ ಹೋಳು.

ಇದೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ — ಹಳೆಯ ವೈರವೋ, ಮನೆತನದ ಜಗಳವೋ. ದೊಡ್ಡ ಪಾಪಕ್ಕೆ ಸಣ್ಣ ಕಾರಣ ಎಂದರೆ ಮನುಷ್ಯನೇ ಸಣ್ಣವನು ಎಂದಂತಾಯಿತು. ಹೌದು, ಹಾಗೆಯೇ.

ಆಟ ಮುಗಿಯುವ ಹೊತ್ತಿಗೆ ನಾವು ಆರು ಅಂಕ ಹಿಂದೆ ಇದ್ದೆವು. ಕೊನೆಯ ಗಳಿಗೆಯಲ್ಲಿ ನಮ್ಮವನೊಬ್ಬ ಮೂಲೆಯಲ್ಲಿ ಗೆರೆ ದಾಟಿ ಬಿದ್ದ. ಅದಕ್ಕೆ ಐದು ಅಂಕ ಸಿಕ್ಕಿತು, ಆಮೇಲೆಯೂ ಒಂದು ಅಂಕ ಬಾಕಿ. ಇನ್ನು ಉಳಿದದ್ದು ಮಹಾಂತೇಶನ ಒದೆತ. ಒಳಗೆ ಹೋದರೆ ಗೆಲುವು, ಇಲ್ಲದಿದ್ದರೆ ಸೋಲು. ಮೂಲೆಯಲ್ಲಿ ಅಂಕ ಬಂದರೆ ಮೂಲೆಯ ನೇರಕ್ಕೇ ನಿಂತು ಒದೆಯಬೇಕು. ಅಲ್ಲಿಂದ ನೋಡಿದರೆ ಎರಡು ಕಂಬಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ನಾನು ಅವನ ಕಡೆಯ ಕಂಬದ ಬುಡಕ್ಕೆ ಹೋಗಿ ನಿಂತೆ. ಇನ್ನೊಂದು ಕಂಬಕ್ಕೆ ಬೆಳಗಾವಿಯವ.

ಅವನು ಒದ್ದ. ಚೆಂಡು ಹೊರಗಿನಿಂದ ಬಾಗುತ್ತ ಬಾಗುತ್ತ ಬಂದು, ನನ್ನ ಕಂಬದ ತುದಿಯ ಮೇಲೆ, ಒಳಬದಿಗೆ, ಒಂದು ಅಂಗೈ ಅಗಲದಷ್ಟು ಜಾಗ ಬಿಟ್ಟು ಹಾದು ಹೋಯಿತು. ಬಿಸಿಲು ನನ್ನ ಬೆನ್ನಿಗಿತ್ತು. ಕನ್ನಡಕ ಒರೆಸಿಕೊಂಡಿದ್ದೆ. ಚೆಂಡಿನ ಹೊಲಿಗೆ ಕೂಡ ಕಂಡಿತು. ಸಂಶಯದ ಲಾಭ ನನಗೆ ಯಾರೂ ಕೊಡಬೇಡಿ, ಸಂಶಯ ಇರಲಿಲ್ಲ.

ಅಡ್ಡಪಟ್ಟಿಯ ಕೆಳಗಿನಿಂದ ಬೆಳಗಾವಿಯವ ನನ್ನತ್ತ ನೋಡಿದ. ಅದು ಪದ್ಧತಿ. ಚೆಂಡು ಯಾರ ಕಂಬದ ಮೇಲೆ ಹೋಯಿತೋ ಅವನು ಎತ್ತಿದರೆ ಇನ್ನೊಬ್ಬ ಎತ್ತುತ್ತಾನೆ. ನನ್ನ ಕೈ ಅರ್ಧಕ್ಕೆ ಬಂತು. ಆಗ ಕಿವಿಯಲ್ಲಿ — ಅಷ್ಟ ನೋಡ್ಕೋರ್ರಿ.

ಕೈ ಇಳಿಸಿದೆ. ನೆಲ ನೋಡಿದೆ.

ಒದ್ದವನ ಸ್ವಂತ ಕ್ಲಬ್ಬಿನ ಮುದುಕನೇ ಬಾವುಟ ಎತ್ತದಿದ್ದರೆ ಎದುರಾಳಿ ಯಾಕೆ ಎತ್ತಿಯಾನು? ರೆಫರಿ ನಮ್ಮಿಬ್ಬರನ್ನೂ ನೋಡಿ, ತಲೆ ಅಲ್ಲಾಡಿಸಿ, ಸೀಟಿ ಊದಿದ. ಮಹಾಂತೇಶ ಅಷ್ಟರಲ್ಲಿ ಎರಡೂ ಕೈ ಮೇಲೆತ್ತಿ ಓಡಿ ಬರುತ್ತಿದ್ದ. ಅರ್ಧ ದಾರಿಯಲ್ಲಿ ನಿಂತ. ಕೈಗಳು ಮಾತ್ರ ಮೇಲೇ ಉಳಿದವು, ಅವುಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಎಂಬಂತೆ.

ಬೆಳಗಾವಿಯ ನಾಯಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಹಿಂತಾ ಮನುಷ್ಯಾನ್ನ ನೋಡಿಲ್ರಿ ನಾ. ತಮ್ಮ ಟೀಮಿಗೇ ನ್ಯಾಯ ಹೇಳಿದ್ರಿ."

ನಮ್ಮ ಹುಡುಗರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರು ಕೂಡ, ಒಂದು ವಾರ. ಒಬ್ಬ ನನಗೆ ಕಣ್ಣಿನ ಆಸ್ಪತ್ರೆಯ ದಾರಿ ಹೇಳಿದ. ಆಮೇಲೆ ಏನಾಯಿತೋ, ಬೈಗುಳ ಹೆಮ್ಮೆಗೆ ತಿರುಗಿತು. ಸೋಲುವ ಕ್ಲಬ್ಬಿಗೂ ಏನಾದರೂ ಹೇಳಿಕೊಳ್ಳಲು ಬೇಕಲ್ಲ? ಗೆಲುವು ಇರಲಿಲ್ಲ, ನಾನಿದ್ದೆ. ಬೇರೆ ಊರಿಗೆ ಆಡಲು ಹೋದಾಗ, "ಇವರ ನೋಡ್ರಿ ನಮ್ಮ ಡೇವಿಡ್ ಕಾಕಾ, ಫೈನಲ್‌ದಾಗ ನಮಗೇ ಬಾವುಟ ಎತ್ತಲಿಲ್ಲ" ಎಂದು ಪರಿಚಯಿಸುತ್ತಿದ್ದರು. ಅದು ಫೈನಲ್ ಆಗಿರಲಿಲ್ಲ. ಪುಣ್ಯಕಥೆಗಳು ಹಾಗೆಯೇ ಬೆಳೆಯುತ್ತವೆ.

ನನಗೆ ಇಲ್ಲಿಯೇ ಸಿಟ್ಟು. ನನ್ನ ಮೇಲೆ ಮಾತ್ರವಲ್ಲ, ನಿಮ್ಮೆಲ್ಲರ ಮೇಲೆ. ತನ್ನವರಿಗೆ ಕೆಡುಕು ಮಾಡಿದವನು ಪ್ರಾಮಾಣಿಕನೇ ಇರಬೇಕು ಎಂದು ನಂಬುವ ಈ ಬುದ್ಧಿ ನಮಗೆಲ್ಲಿಂದ ಬಂತು? ಕಚೇರಿಯಲ್ಲಿಯೂ ಹಾಗೆಯೇ. ನಾನು ನನ್ನ ತಮ್ಮನ ರಜೆ ಅರ್ಜಿ ತಿರಸ್ಕರಿಸಿದ್ದಕ್ಕೆ ಖಡಕ್ ಸಾಹೇಬ ಎಂಬ ಬಿರುದು ಬಂದಿತ್ತು. ತಮ್ಮ ಆ ವಾರ ಖರೇನೇ ಜ್ವರದಲ್ಲಿ ಮಲಗಿದ್ದ. ಯಾರೂ ಕೇಳಲಿಲ್ಲ. ಕೇಳುವುದೇ ಇಲ್ಲ! ಹೊರಗಿನವನಿಗೆ ಅನ್ಯಾಯ ಮಾಡಿದರೆ ವಿಚಾರಣೆ, ಮನೆಯವನಿಗೆ ಮಾಡಿದರೆ ಸನ್ಮಾನ.

ಆದರೆ ಆ ಪಂದ್ಯದ ದಿನ ಇಬ್ಬರು ಕೇಳಿದರು.

ಒಬ್ಬಳು ನನ್ನ ಹೆಂಡತಿ ಎಸ್ತರ. ರಾತ್ರಿ ಊಟಕ್ಕೆ ಬಡಿಸುತ್ತ ಅಂದಳು: "ಟೀಮ್ ಸೋತ ದಿನಾ ನೀವು ಗಂಟಲಾಗ ಇಳೀದಿಲ್ಲ ಅಂತೀರಿ. ಇವತ್ತ ಎರಡು ರೊಟ್ಟಿ ಹೆಚ್ಚಿಗಿ ತಿಂದ್ರಿ. ಏನ್ ವಿಶೇಷ?" ನಾನು ಪಲ್ಯ ಚೆನ್ನಾಗಿದೆ ಎಂದೆ. ಅವಳು ಪಲ್ಯದ ಪಾತ್ರೆಯನ್ನೂ ನನ್ನನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಇನ್ನೊಬ್ಬ ಮಹಾಂತೇಶ. ಎಲ್ಲರೂ ಹೋದ ಮೇಲೆ ಕಂಬದ ಹತ್ತಿರ ಬಂದ. ಜಗಳಕ್ಕೆ ಬಂದ ಎಂದುಕೊಂಡೆ; ಜಗಳಕ್ಕೆ ಸಿದ್ಧನೂ ಆಗಿದ್ದೆ. ಅವನು ಮೆಲ್ಲಗೆ ಕೇಳಿದ: "ಕಾಕಾ, ನೀವು ಬರೋಬ್ಬರಿ ನೋಡಿದ್ರಿ?"

"ನೋಡಿದೆ."

"ಹೊರಗ?"

"ಹೊರಗ."

ಸ್ವಲ್ಪ ಹೊತ್ತು ಕಂಬದ ತುದಿಯನ್ನೇ ನೋಡಿದ. "ನನಗ ಒಳಗ ಹೋದಂಗ ಕಂಡಿತ್ರಿ. ಇರ್ಲಿ. ನೀವು ಹೊರಗ ಅಂದ್ರ ಹೊರಗ. ನೀವ್ಯಾಕ ಸುಳ್ಳ ಹೇಳ್ತೀರಿ ನಮಗ?"

ಅವನು ಬೈದಿದ್ದರೆ ನಾನು ಉಳಿಯುತ್ತಿದ್ದೆ. ನಂಬಿದ.

ಮುಂದಿನ ತಿಂಗಳುಗಳಲ್ಲಿ ಸಂಜೆ ಎಲ್ಲರ ಅಭ್ಯಾಸ ಮುಗಿದ ಮೇಲೆ ಅವನೊಬ್ಬನೇ ಅದೇ ಮೂಲೆಗೆ ಹೋಗಿ ಅದೇ ಕಂಬಗಳಿಗೆ ಒದೆಯುವುದನ್ನು ನಾನು ಮಾಳಿಗೆಯ ಮೇಲಿನಿಂದ ನೋಡಿದೆ. ಒದೆಯುವುದು, ಓಡಿ ಹೋಗಿ ಚೆಂಡು ತರುವುದು, ಮತ್ತೆ ಒದೆಯುವುದು. ಒಳಗೆ ಹೋದ ಚೆಂಡನ್ನೂ ಅನುಮಾನದಿಂದ ನೋಡುತ್ತಿದ್ದ. ಬರಬರುತ್ತ ಕಂಬದ ಎದುರಿನಿಂದ ಒದ್ದರೂ ತಪ್ಪತೊಡಗಿತು. ಒಂದು ದಿನ ನಾಯಕನಿಗೆ ಹೇಳಿದನಂತೆ — ನನ್ನ ಕಣ್ಣಿನ ಮ್ಯಾಲೆ ನನಗ ಭರೋಸಾ ಇಲ್ಲೋ, ಬ್ಯಾರೆ ಯಾರಿಗರ ಕೊಡು. ಬೇರೆಯವರು ಒದ್ದರು. ನಾವು ಕೆಳಗಿನ ದರ್ಜೆಯಲ್ಲಿಯೇ ಉಳಿದೆವು, ಇಂದಿಗೂ. ಮಹಾಂತೇಶ ಮತ್ತೆ ಗೋಲಿಗೆ ಒದೆಯಲಿಲ್ಲ.

ನಾನು ಅವನ ಪಂದ್ಯ ಕದ್ದೆ ಎನ್ನುವುದು ಸಣ್ಣ ಆರೋಪ. ಪಂದ್ಯ ಎಲ್ಲರೂ ಸೋಲುತ್ತಾರೆ. ಒಬ್ಬ ಮನುಷ್ಯ ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎಂದು ಒಪ್ಪಿಸಿದೆ. ಅದಕ್ಕೆ ನನ್ನ ಪುಸ್ತಕದಲ್ಲಿ ಶಿಕ್ಷೆ ಬರೆದಿಲ್ಲ. ಅಂಥದ್ದನ್ನು ಮಾಡುವವರು ಮೈದಾನಕ್ಕೆ ಬರುತ್ತಾರೆ ಎಂದು ಬರೆದವರು ಎಣಿಸಿರಲಿಕ್ಕಿಲ್ಲ.

ಮರು ವರ್ಷ ಅವನು ಶೆಡ್ಡಿನವರ ಬೆನ್ನು ಹತ್ತಿ ಎರಡೂ ಕಂಬಗಳಿಗೆ ಮೇಲೊಂದು ಪೈಪು ಬೆಸುಗೆ ಹಾಕಿಸಿದ. "ಕಾಕಾಗ ಹಂತಾ ಕಷ್ಟದ ಪ್ರಸಂಗ ಮತ್ತ ಬರಬಾರದ್ರಿ" ಎಂದು ನನ್ನ ಮುಂದೆಯೇ ಹೇಳಿದ. ನನ್ನ ಕಷ್ಟ! ಆ ಬೆಸುಗೆ ಈಗಲೂ ಇದೆ, ಮೊಣಕಾಲಿನ ಗಂಟಿನಂತೆ ಉಬ್ಬಿಕೊಂಡು. ಪ್ರತಿ ಪಂದ್ಯದಲ್ಲಿ ಅದರ ಕೆಳಗೆ ನಾನು ಬಾವುಟ ಹಿಡಿದು ನಿಂತೆ. ಪ್ರತಿ ರವಿವಾರ ಬೆಳಿಗ್ಗೆ ಚರ್ಚಿನಲ್ಲಿ ಸಭೆಯೆಲ್ಲ ಒಟ್ಟಿಗೆ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆಯನ್ನೂ ಹೇಳಿದೆ. ಬಹಳ ಅನುಕೂಲದ ಪ್ರಾರ್ಥನೆ ಅದು. ಅಷ್ಟು ಜನರ ದನಿಯಲ್ಲಿ ಯಾರ ಪಾಪ ಯಾವುದು ಎಂದು ಗೊತ್ತಾಗುವುದಿಲ್ಲ. ಮುಗಿಸಿ ನೇರ ಮೈದಾನಕ್ಕೆ ಹೋಗುತ್ತಿದ್ದೆ.

ಈಗ ಮಹಾಂತೇಶನೇ ಕ್ಲಬ್ಬಿನ ಕಾರ್ಯದರ್ಶಿ. ಹೋದ ವಾರ ಮನೆಗೆ ಬಂದ. ಎಸ್ತರ ಚಹಾ ತಂದಿಟ್ಟಳು. ಶಾಲು-ಪೇಟಾದ ಸುದ್ದಿ ಹೇಳಿದ. ಸಾಲದ್ದಕ್ಕೆ, ತನ್ನ ಶಾಲೆಯ ಮಕ್ಕಳನ್ನೂ ಕರೆತರುತ್ತೇನೆ ಎಂದ. "ಹುಡುಗೂರಿಗೆ ಪ್ರತಿ ವರ್ಷಾ ನಿಮ್ಮ ಕಥಿ ಹೇಳತೇನ್ರಿ ಪ್ರಾರ್ಥನಾದಾಗ. ಬಾವುಟದ ಅಜ್ಜ ಅಂತಾರ ನಿಮಗ. ಒಮ್ಮೆ ಕಣ್ಲೆ ನೋಡ್ಲಿ."

"ನನಗ ಸನ್ಮಾನ ಬ್ಯಾಡ" ಎಂದೆ.

"ಗೊತ್ತಿತ್ತು ಹಿಂಗ ಅಂತೀರಿ ಅಂತ. ಅದಕ್ಕ ನೀವು ದೊಡ್ಡವರು."

"ಬ್ಯಾಡ ಅಂದ್ರ ಬ್ಯಾಡೋ. ನಾ ಅದಕ್ಕ ಲಾಯಕ್ ಇಲ್ಲ."

"ನೋಡ್ರಿ ಎಸ್ತರ ಬಾಯಿ, ಹೆಂಗ ಮಾತಾಡ್ತಾರ" ಎಂದು ನಗುತ್ತ ಬಿಸ್ಕಿಟು ಅದ್ದಿದ.

ನಾನು ಬೇಡ ಎಂದಷ್ಟೂ ಸಂತನಾಗುತ್ತಿದ್ದೆ. ಎಂಥ ಕೆಟ್ಟ ವ್ಯವಸ್ಥೆ ನೋಡಿ! ಅವನ ಮುಖದಲ್ಲಿದ್ದ ಆ ಅಭಿಮಾನ ನೋಡಿ ನನಗೆ ಸಿಟ್ಟು ಬಂತು. ಇಷ್ಟು ವರ್ಷ ಯಾಕೋ ನಂಬಿದೆ, ನಿನ್ನ ಕಣ್ಣಿಗಿಂತ ನನ್ನ ಮಾತು ಯಾಕೋ ಹೆಚ್ಚಾಯಿತು — ಎಂದು ಅವನನ್ನೇ ಬೈಯಬೇಕೆನಿಸಿತು. ತಪ್ಪು ಮಾಡಿದವನಿಗೆ ತಪ್ಪಿಗೆ ಬಲಿಯಾದವನ ಮೇಲೆಯೇ ಸಿಟ್ಟು. ಇದಕ್ಕಿಂತ ಹೇಸಿಗೆ ಇನ್ನೊಂದಿಲ್ಲ. ಎದ್ದು, "ಬಾ ಇಲ್ಲಿ" ಎಂದು ಅವನನ್ನು ಮೈದಾನಕ್ಕೆ ಕರೆದುಕೊಂಡು ಹೋದೆ. ಬಾವುಟ ಮೂಲೆಯಲ್ಲಿತ್ತು, ಅದನ್ನೂ ತೆಗೆದುಕೊಂಡೆ. ಎಸ್ತರಳ ಹಳೆಯ ಕೇಸರಿ ಸೀರೆಯ ತುಂಡು, ಬೆತ್ತಕ್ಕೆ ಹೊಲಿದದ್ದು.

ಕಂಬದ ಕೆಳಗೆ ನಿಂತು, ಬೆತ್ತ ಎತ್ತಿ, ಬೆಸುಗೆಯ ಗಂಟು ತೋರಿಸಿದೆ. "ಅದರ ಮ್ಯಾಲೆ. ಈ ಬಾಜು. ಒಳಗ. ಇಷ್ಟು ಒಳಗ" ಎಂದು ಅಂಗೈ ತೋರಿಸಿದೆ.

"ಏನ್ರಿ ಅದು?"

"ನಿನ್ನ ಚೆಂಡು. ಬೆಳಗಾವಿಯವರ ಕೂಡ ಆಡಿದಾಗಿಂದು."

ಅವನು ಮೇಲೆ ನೋಡಿದ. ಬಹಳ ಹೊತ್ತು ನೋಡಿದ. ನಾನು ಮುಖ ತಿರುಗಿಸಲಿಲ್ಲ, ಅಷ್ಟಾದರೂ ಮಾಡಿದೆ.

"ನಿಮಗ ಕಂಡಿತ್ತು?"

"ಕಂಡಿತ್ತು."

"ಮತ್ತ ಯಾಕ್ರಿ?"

"ನೀ ಮೋಸಂಬಿ ಹೆಚ್ಚಾಕ ಹೇಳಿದ್ದಿ. ಎಲ್ಲಾರ ಮುಂದ."

"ಯಾವ ಮೋಸಂಬಿ?"

ಅವನಿಗೆ ನೆನಪೇ ಇರಲಿಲ್ಲ. ನಾನು ಇಷ್ಟು ವರ್ಷ ಎದೆಯಲ್ಲಿ ಕಲ್ಲಿನಂತೆ ಇಟ್ಟುಕೊಂಡದ್ದು ಅವನ ಬಾಯಿಂದ ಉಗುಳಿನ ಜೊತೆ ಬಿದ್ದ ಮಾತು. ನೆನಪಿಸಿಕೊಟ್ಟೆ, ಶಬ್ದಕ್ಕೆ ಶಬ್ದ. ಅವನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು.

"ಮೋಸಂಬಿ ಸಲುವಾಗಿ" ಎಂದ. "ನಾ ಡಾಕ್ಟರ್‌ಗೆ ತೋರಿಸಿ ಬಂದೆ, ಕಣ್ಣು. ಗೊತ್ತೈತೇನ್ ನಿನಗ? ಹುಬ್ಬಳ್ಳಿಗೆ ಹೋಗಿ. ಕಣ್ಣ ಬೇಷ್ ಅದಾವ ಅಂದ್ರು. ಹಂಗಾರ ತಲ್ಯಾಗ ಏನೋ ಕೆಟ್ಟೈತಿ ಅಂತ ತಿಳ್ಕೊಂಡೆ ನಾ."

ಈ ಹಿಂದೆ ಎಂದೂ ಅವನು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ.  

ಅವನು ಸ್ವಲ್ಪ ದೂರ ಹೋಗಿ, ಬೆನ್ನು ತಿರುಗಿಸಿ ನಿಂತು, ಮತ್ತೆ ಬಂದ. "ನನಗೊಬ್ಬಂಗ ಹೇಳಿ ಕೈ ತೊಳಕೋಬ್ಯಾಡ್ರಿ" ಎಂದ. ಬಹುವಚನ ತಿರುಗಿ ಬಂದಿತ್ತು, ಮರ್ಯಾದೆ ಬಂದಿರಲಿಲ್ಲ. "ರವಿವಾರ ಕಾರ್ಯಕ್ರಮ ಇರ್ತೈತಿ. ಹುಡುಗೂರೂ ಬರ್ತಾವ. ಕಥಿ ನಾ ಹೇಳೀನಿ, ಮುಂದಿಂದು ನೀವು ಹೇಳ್ರಿ. ಬಾವುಟ ಇಲ್ಲೇ ಇಟ್ಟು ಹೋಗ್ರಿ."

ಇಟ್ಟು ಬಂದೆ. ಮನೆಗೆ ಬಂದು ಎಸ್ತರಳಿಗೆ ಹೇಳಿದೆ. ಅವಳು ಮಹಾಂತೇಶ ಅರ್ಧ ಬಿಟ್ಟು ಹೋದ ಚಹಾದ ಕಪ್ಪು ಎತ್ತುತ್ತ, "ಆ ಎರಡು ರೊಟ್ಟಿ ನನಗ ನೆನಪದಾವ" ಎಂದಳು. 

ಆದ್ದರಿಂದ ಇದನ್ನು ಬರೆದಿದ್ದೇನೆ. ರವಿವಾರ ನಾನೇ ನಿಂತು ಓದುತ್ತೇನೆ, ಹೆಬ್ಬಳ್ಳಿಯ ಮಕ್ಕಳ ಮುಂದೆ, ಉಳಿದ ಒಂದು ಆಟೋ ಜನರ ಮುಂದೆ. ಮಕ್ಕಳೇ, ನಿಮ್ಮ ಮಾಸ್ತರರು ಹೇಳಿದ ಕಥೆಯಲ್ಲಿ ಪ್ರಾಮಾಣಿಕ ಮನುಷ್ಯನೊಬ್ಬ ಇದ್ದ. ಅವನು ಬಾವುಟದ ಅಜ್ಜ ಅಲ್ಲ. ತನಗೆ ಒಳಗೆ ಕಂಡದ್ದನ್ನು ಒಳಗೆ ಕಂಡಿತು ಎಂದು ಹೇಳಿ, ಆಮೇಲೆ ಒಬ್ಬ ಹಿರಿಯನನ್ನು ನಂಬಿದವನು ಅವನು. ನಂಬಿದ್ದು ಅವನ ತಪ್ಪಲ್ಲ.

ಶಾಲು ತಂದಿದ್ದರೆ ಅಂಗಡಿಗೆ ತಿರುಗಿ ಕೊಡಿ. ಪೇಟಾ ನನ್ನ ತಲೆಗೆ ಹೇಗೂ ಕೂರುವುದಿಲ್ಲ. ಬೆಳಗಾವಿಯವರಿಗೆ ಯಾರಾದರೂ ತಿಳಿಸಿ, ಅವರ ನಾಯಕ ಹಿಡಿದ ಕೈ ಎಂಥದೆಂದು. ಬಾವುಟ ಇನ್ನು ಬೇರೆಯವರು ಹಿಡಿಯಲಿ, ನಾನು ಕೇಳುವುದಿಲ್ಲ.

ಮುಂದಿನ ಪಂದ್ಯಕ್ಕೆ ಬರುತ್ತೇನೆ, ಮಹಾಂತೇಶಾ, ನೀನು ಬರಬೇಡ ಎನ್ನದಿದ್ದರೆ. ಮೋಸಂಬಿ ಹೆಚ್ಚುತ್ತೇನೆ. ಅಷ್ಟೇ ನೋಡಿಕೊಳ್ಳುತ್ತೇನೆ.